ಬ್ರೂನೋ ತಾತ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಗಿರಿನಗರವಿರಲಿ ಜಯನಗರವಿರಲಿ, ಎರಡು ರಸ್ತೆಗೊಬ್ಬರಂತೆ ಬ್ರೂನೋ ತಾತ ಇದ್ದೇ ಇರುತ್ತಾರೆ. ಅವರಿಗೆ ಸ್ವಂತ ಹೆಸರೂ ಇದೆ. ಗೇಟಿನ ಮೇಲೆ ಹಿತ್ತಾಳೆಯ ಅಕ್ಷರಗಳಲ್ಲಿ, 'ಬ್ಯಾಂಕ್ ಇನ್‌ಸ್ಪೆಕ್ಟರ್, ನಿವೃತ್ತ' ಎಂಬ ಬಾಲದ ಸಮೇತ ಹೊಳೆಯುತ್ತದೆ. ಪಾರ್ಕಿನಲ್ಲಿ ಅದನ್ನು ಕೇಳುವವರಿಲ್ಲ. ಮಗ ಕೆನಡಾಕ್ಕೆ ಹೊರಟಾಗ ಸೋಫಾ ಯಾರಿಗೋ ಮಾರಾಟವಾಯಿತು, ಬೈಕು ಗೆಳೆಯನ ಪಾಲಾಯಿತು, ಲ್ಯಾಬ್ರಡಾರ್ ಮರಿ ಅಪ್ಪನ ಮನೆಗೆ ಬಂತು. 'ಆರು ತಿಂಗಳು ಅಷ್ಟೇ ಕಣಪ್ಪಾ' ಎಂದಿದ್ದ ಮಗ. ಬ್ರೂನೋಗೆ ಈಗ ನಾಲ್ಕು ವರ್ಷ.

ಮೊದಮೊದಲು ಮೊಸರನ್ನದಲ್ಲೇ ನಡೆಯುತ್ತಿತ್ತು. ಒಂದು ದಿನ ನಾಯಿ ಡಾಕ್ಟರು ಬ್ರೂನೋನ ಕೂದಲು ಸವರಿ ನೋಡಿ, 'ಬರೀ ಮೊಸರನ್ನ ಸಾಲಲ್ಲ ಸಾರ್, ಬ್ಯಾಲೆನ್ಸ್ ಆಗ್ಬೇಕು' ಅಂದರು. ಜಗತ್ತಿನಲ್ಲಿ ಇನ್ನೂ ಟ್ಯಾಲಿ ಆಗದ ಲೆಕ್ಕವೊಂದಿದೆ ಎಂದು ಗೊತ್ತಾದದ್ದೇ ತಡ, ತಾತನ ನಿವೃತ್ತಿ ಅಲ್ಲಿಗೆ ಮುಗಿಯಿತು. ಅಂಗಡಿಯ ಪ್ಯಾಕೆಟ್ ಆಹಾರ ತರಬಹುದಿತ್ತಲ್ಲ ಎಂದರೆ, ಅದರ ಲೆಕ್ಕ ಬೇರೆ ಯಾರೋ ಮಾಡಿದ್ದು. ತಾತ ಬೇರೆಯವರ ಲೆಕ್ಕ ನಂಬಿ ಸಹಿ ಹಾಕಿದವರೇ ಅಲ್ಲ.

ಉದ್ದನೆಯ ಲೆಡ್ಜರ್ ಪುಸ್ತಕ ಬಂತು. ಮೊದಲ ಪುಟದಲ್ಲೇ ಸೂತ್ರ: ತೂಕವನ್ನು ಅದರಿಂದಲೇ ಎರಡು ಸಲ ಗುಣಿಸಿ ಘನ ಮಾಡು, ಎರಡು ಸಲ ವರ್ಗಮೂಲ ತೆಗೆ, 70ರಿಂದ ಗುಣಿಸು. ಬ್ರೂನೋ ಇರಬೇಕಾದ ತೂಕ 30 ಕೆ.ಜಿ. ಅಲ್ಲಿಗೆ ಬಿದ್ದುಕೊಂಡೇ ಇದ್ದರೂ ದಿನಕ್ಕೆ ಸುಮಾರು 900 ಕ್ಯಾಲೊರಿ. ಓಡಾಡುವ ನಾಯಿಗೆ ಅದರ ಒಂದೂವರೆ ಪಾಲಾದರೂ ಬೇಕು. ಬ್ರೂನೋಗೆ ಹೊಟ್ಟೆ ಬಂದಿರುವುದರಿಂದ 1.2 ಪಾಲು, ಅಂದರೆ 1,080. ತೂಕ ನೋಡಲು ಪ್ರತಿ ತಿಂಗಳೂ ಗುಜರಿ ಅಂಗಡಿಯ ದೊಡ್ಡ ತೂಕದ ಮೆಷೀನೇ ಗತಿ. ಹಳೇ ಪೇಪರಿನ ಕಟ್ಟು ಕೆಳಗಿಳಿಸಿ ಬ್ರೂನೋನನ್ನು ಹತ್ತಿಸುತ್ತಾರೆ. ಗುಜರಿಯವನು ಸೊನ್ನೆ ಒತ್ತಿ, 'ಯಾವ ರೇಟು ಹಾಕ್ಲಿ ಸಾರ್?' ಎಂದು ಕೇಳುವುದು, ತಾತ ನಗದೇ ಇರುವುದು, ಎರಡೂ ವಾಡಿಕೆ.

ಇಷ್ಟಾಗಿ, ಮನೆಯಲ್ಲಿ ಮೊಟ್ಟೆಯೂ ಬೆಂದದ್ದಿಲ್ಲ. ಆದ್ದರಿಂದ ಕೋಳಿಯ ವಹಿವಾಟೆಲ್ಲ ತಾರಸಿಯಲ್ಲಿ. ಅಲ್ಲೊಂದು ಒಂಟಿ ಬರ್ನರ್ ಒಲೆ, ಹಿಡಿಗೆ ಕೆಂಪು ಬಣ್ಣ ಬಳಿದ ಕುಕ್ಕರು. ಆ ಕುಕ್ಕರು ಮೆಟ್ಟಿಲಿಳಿದು ಒಳಗೆ ಬಂದ ಉದಾಹರಣೆಯಿಲ್ಲ. ಅಜ್ಜಿಗೆ ಒಂದೇ ಸಮಾಧಾನ: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಹಾಗಾಗಿ ಎರಡೂ ನಿಷಿದ್ಧ. 'ಈರುಳ್ಳಿ ಬೆಳ್ಳುಳ್ಳಿ ಹಾಕಲ್ಲ ಅಂದ್ಮೇಲೆ ಅರ್ಧ ಮಡಿ ಆದ ಹಾಗೇ ಅಲ್ವೇನ್ರೀ' ಎಂದು ಅವರು ತಾರಸಿಯ ಬಾಗಿಲಲ್ಲೇ ನಿಂತು ಕೇಳಿಕೊಳ್ಳುತ್ತಾರೆ.

ಕೋಳಿ ಅಂಗಡಿಗೆ ತಾತ ಹೋಗುವುದನ್ನು ನೋಡಬೇಕು. ಮಳೆಯಿಲ್ಲದಿದ್ದರೂ ಕೈಯಲ್ಲಿ ಛತ್ರಿ, ಮುಖ ರಸ್ತೆಯ ಆಚೆ ಬದಿಗೆ. ರಾಯರ ಮಠದ ಪರಿಚಯದವರು ಎದುರಾದರೆ ಅವರು ನಮಸ್ಕಾರ ಎನ್ನುವ ಮೊದಲೇ 'ನಾಯಿಗೆ, ನಾಯಿಗೆ' ಎಂಬ ಉತ್ತರ. ಆದರೆ ಗಲ್ಲಾದ ಮುಂದೆ ನಿಂತ ಮೇಲೆ ಸಂಕೋಚವೆಲ್ಲ ಮಾಯ.

'ಸಾರ್, ಲಿವರ್ ಒಂದು ಹಿಡಿ ಜಾಸ್ತಿ ಹಾಕ್ತೀನಿ, ದುಡ್ಡು ಬೇಡ.'

'ಬೇಡಪ್ಪಾ. ದಿನಾ ಜಾಸ್ತಿ ಹಾಕಿದ್ರೆ ವಿಟಮಿನ್ ಎ ಮೈಯಲ್ಲಿ ಕೂತ್ಕೊಳ್ಳುತ್ತೆ. ನೂರಕ್ಕೆ ಐದು ಗ್ರಾಂ, ಅಷ್ಟೇ.'

'ಹಂಗಾದ್ರೆ ಮೂಳೆ?'

'ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತೆ ಕಣಯ್ಯಾ. ಕರುಳಿಗೆ ಚುಚ್ಚಿದ್ರೆ ಆಪರೇಷನ್ನಿಗೆ ನೀನು ಕೊಡ್ತೀಯಾ ದುಡ್ಡು?'

ಕೋಳಿಯನ್ನು ಎಂದೂ ಬಾಯಿಗಿಡದ ಮನುಷ್ಯ ಕೋಳಿ ಕಡಿಯುವವನಿಗೆ ಪಾಠ ಹೇಳುವ ಈ ದೃಶ್ಯಕ್ಕೆ ಹಿಂದಿನ ಗಿರಾಕಿಗಳು ತಾಳ್ಮೆಯಿಂದ ಕಾಯುತ್ತಾರೆ.

ಮೂಳೆ ಬೇಡವೆಂದ ಮೇಲೆ ಸುಣ್ಣ ಎಲ್ಲಿಂದ ಬರಬೇಕು? ಲೆಡ್ಜರಿನಲ್ಲಿ ಕೆಂಪು ಶಾಯಿಯಿರುವುದು ಇಲ್ಲೇ. ಮಾಂಸದಲ್ಲಿ ರಂಜಕ ಬೇಕಾದಷ್ಟು, ಕ್ಯಾಲ್ಸಿಯಂ ಹೆಸರಿಗಷ್ಟೇ. ನಾಯಿಗೆ ರಂಜಕಕ್ಕಿಂತ ಕ್ಯಾಲ್ಸಿಯಂ ತುಸು ಮುಂದಿರಬೇಕು, 1ಕ್ಕೆ 1.2ರ ಹಾಗೆ. ಕಡಿಮೆ ಬಿದ್ದರೆ ದೇಹ ಸುಮ್ಮನಿರುವುದಿಲ್ಲ, ಮೂಳೆಯ ಠೇವಣಿಗೇ ಕೈ ಹಾಕುತ್ತದೆ. ಆದ್ದರಿಂದ ತಾತ ಸಂಜೆ ಎಗ್‌ರೈಸ್ ಗಾಡಿಯವನ ಬಳಿ ಹೋಗಿ ಮೊಟ್ಟೆಯ ಚಿಪ್ಪು ತರುತ್ತಾರೆ. ಒಂದು ಚಮಚ ಚಿಪ್ಪಿನ ಪುಡಿಯಲ್ಲಿ ಹತ್ತಿರಹತ್ತಿರ ಎರಡು ಗ್ರಾಂ ಕ್ಯಾಲ್ಸಿಯಂ. ಬ್ರೂನೋಗೆ ತಲೆ ಸವರಿದ ಮುಕ್ಕಾಲು ಚಮಚ. ಚಿಪ್ಪನ್ನು ತೊಳೆದು, ಕುದಿಸಿ, ತಾರಸಿಯಲ್ಲಿ ಒಣಹಾಕಿದಾಗ ಪಕ್ಕದ ಹಳೇ ಪಂಚೆಯ ಮೇಲೆ ಅಜ್ಜಿಯ ಅರಳು ಸಂಡಿಗೆ ಒಣಗುತ್ತಿತ್ತು. ಗಾಳಿ ಬೀಸಿತು. ಆ ವರ್ಷದ ಸಂಡಿಗೆಯನ್ನು ಮನೆಯಲ್ಲಿ ಯಾರೂ ಕರಿಯಲಿಲ್ಲ. ಚಿಪ್ಪು ಪುಡಿ ಮಾಡಲು ಚಟ್ನಿ ಜಾರನ್ನು ಮುಟ್ಟಿದ ದಿನದ ವಿಚಾರ ಬೇಡ ಬಿಡಿ.

ತಾತನನ್ನು ಕಂಡು ನಗುವವರು ಬಹಳ. ನಾನೂ ನಗುತ್ತೇನೆ, ಆದರೆ ಅವರ ಲೆಕ್ಕಕ್ಕಲ್ಲ. ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಹೊಸ ನಾಯಿಯ ಜೊತೆ ಬಂದ ಹುಡುಗ ಹುಡುಗಿಯರು, 'ಮನೇ ಊಟಾನೇ ಅಂಕಲ್, ಚಿಕನ್, ಅನ್ನ, ಕುಂಬಳಕಾಯಿ' ಎಂದು ಹೆಮ್ಮೆಪಟ್ಟರೆ ತಾತ ಅವರನ್ನು ಕೂರಿಸಿಕೊಳ್ಳುತ್ತಾರೆ. 2013ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಮನೆಯಲ್ಲಿ ಮಾಡುವ ನಾಯಿ ಊಟದ 200 ವಿಧಾನಗಳನ್ನು ತೂಗಿ ನೋಡಿದರು. ಅದರಲ್ಲಿ ಶೇಕಡಾ 95 ಊಟಗಳಲ್ಲಿ ಒಂದಲ್ಲ ಒಂದು ಅತ್ಯಗತ್ಯ ಪೋಷಕಾಂಶ ಖೋತಾ. ಇದನ್ನು ತಾತ ಹೇಳುವ ರೀತಿಗೆ, ನೂರಕ್ಕೆ ತೊಂಬತ್ತೈದು ಶಾಖೆಗಳಲ್ಲಿ ನಗದು ಕಮ್ಮಿಯಿತ್ತು ಎಂದ ಹಾಗೆ ಕೇಳಿಸುತ್ತದೆ. ಜಿಂಕ್ ಎಲ್ಲಿ? ತಾಮ್ರ ಎಲ್ಲಿ? ವಿಟಮಿನ್ ಇ ಎಲ್ಲಿ? ಯಾರೋ ನೆಲ್ಲಿಕಾಯಿ ಕೊಡಬಹುದೇ ಎಂದರೆ, ವಿಟಮಿನ್ ಸಿ ನಾಯಿ ತಾನೇ ಮಾಡಿಕೊಳ್ಳುತ್ತೆ. ಬಿಸಿಲಿಗೆ ಮಲಗಿಸಬಹುದೇ ಎಂದರೆ, ಎಷ್ಟು ಹೊರಳಾಡಿದರೂ ನಾಯಿಯ ಚರ್ಮದಲ್ಲಿ ವಿಟಮಿನ್ ಡಿ ಸಾಕಷ್ಟು ಹುಟ್ಟಲ್ಲ, ಊಟದಲ್ಲೇ ಹೋಗಬೇಕು. ಹುಡುಗಿ ಮೊಬೈಲಿನಲ್ಲಿ ಬರೆದುಕೊಳ್ಳುತ್ತಾಳೆ, ಹುಡುಗ ನಾಯಿ ಕೂಗಿತೆಂದು ಎದ್ದು ಹೋಗುತ್ತಾನೆ.

ಬೆಂಚಿನ ಮೇಲೆ ಮಂಡ್ಯದ ಕಡೆಯ ಗೌಡರೊಬ್ಬರು ಇರುತ್ತಾರೆ. 'ನಮ್ಮೂರ್ ನಾಯಿ ಮುದ್ದೆ ತಿನ್ಕಂಡು ಗಟ್ಟಿಮುಟ್ಟಾಗಿತ್ತು ಕಣ್ ಸ್ವಾಮಿ, ಯಾವ ಜಿಂಕೂ ಇಲ್ಲ.' ತಾತ ಮುದ್ದೆಯನ್ನು ಅಲ್ಲಗಳೆಯುವುದಿಲ್ಲ. ಮನುಷ್ಯನ ಜೊತೆ ಬಾಳುತ್ತಾ ತೋಳದ ವಂಶ ಪಿಷ್ಟ ಅರಗಿಸುವುದನ್ನು ಕಲಿತಿದೆ, ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. 'ಆದ್ರೆ ಗೌಡ್ರೇ, ನೀವು ಹಾಕಿದ ಮುದ್ದೆ ನಿಮಗೆ ಗೊತ್ತು. ಗದ್ದೇಲಿ ಅದು ಹಿಡಿದ ಇಲಿ, ತಿಪ್ಪೇಲಿ ಕಡಿದ ಮೂಳೆ ಯಾರ ಪುಸ್ತಕದಲ್ಲಿದೆ?' ಗೌಡರು ಎಲೆಯಡಿಕೆ ಹಾಕಿಕೊಳ್ಳುತ್ತಾರೆ.

ಇಷ್ಟು ಕಟ್ಟುನಿಟ್ಟಾಗಿ ಬಡಿಸಿದರೂ ಬ್ರೂನೋ ಇಳಿಯಲಿಲ್ಲ, ಏರಿದ. ಮೆಷೀನು 33 ತೋರಿಸಿತು. ಲ್ಯಾಬ್ರಡಾರುಗಳಲ್ಲಿ ಕೆಲವಕ್ಕೆ ಹೊಟ್ಟೆ ತುಂಬಿತೆಂಬ ಸುದ್ದಿಯೇ ಮೆದುಳಿಗೆ ಸರಿಯಾಗಿ ತಲುಪದಂಥ ಜೀನ್ ದೋಷವಿದೆ ಎಂದು ತಾತ ಓದಿದ್ದರು. ಆದರೆ ಜೀನು ಹಸಿವು ಕೊಟ್ಟೀತೇ ಹೊರತು ಚಪಾತಿ ಲಟ್ಟಿಸಲಾರದು. ಆಡಿಟ್ ಶುರುವಾಯಿತು. ಇಸ್ತ್ರಿ ಅಂಗಡಿಯವನು ಗ್ಲೂಕೋಸ್ ಬಿಸ್ಕತ್ತು ಒಪ್ಪಿಕೊಂಡ. ಕೆಲಸದವಳು ದೋಸೆಯ ಅಂಚು ಒಪ್ಪಿಕೊಂಡಳು. ಅಜ್ಜಿ ಏನನ್ನೂ ಒಪ್ಪಿಕೊಳ್ಳಲಿಲ್ಲ. ಸತ್ಯನಾರಾಯಣ ಪೂಜೆಯ ದಿನ ತಾತ ಕನ್ನಡಕ ಏರಿಸಿಕೊಂಡು ಸಪಾದದಿಂದ ಒಣದ್ರಾಕ್ಷಿಗಳನ್ನು ಒಂದೊಂದಾಗಿ ಆರಿಸಿ ತೆಗೆದಿದ್ದರು. ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಆಗ ಅಜ್ಜಿ, 'ಪ್ರಸಾದಕ್ಕೆಲ್ಲ ಕ್ಯಾಲೊರಿ ಇರಲ್ಲ' ಎಂದದ್ದು ದಾಖಲೆಯಲ್ಲಿದೆ.

ಕೊನೆಗೆ ರಾಜಿಯಾಯಿತು. ತಿಂಡಿತೀರ್ಥ ಒಟ್ಟು ಕ್ಯಾಲೊರಿಯ ಹತ್ತನೇ ಒಂದು ಪಾಲು ಮೀರಬಾರದು, ಮತ್ತು ಲೆಡ್ಜರಿಗೆ 'ಇತರೆ' ಎಂಬ ಹೊಸ ಕಾಲಂ. ರಾತ್ರಿ ಒಂಬತ್ತಕ್ಕೆ ತಾತ ಪೆನ್ನು ಹಿಡಿದು ಅಡುಗೆಮನೆಯ ಬಾಗಿಲಿಗೆ ಬರುತ್ತಾರೆ.

'ಈವತ್ತು ಇತರೆ ಎಷ್ಟೇ?'

'ಕಾಲು ಚಪಾತಿ.'

ತಾತ ಅರ್ಧ ಎಂದು ಬರೆದುಕೊಳ್ಳುತ್ತಾರೆ. 36 ವರ್ಷ ತಪಾಸಣೆ ಮಾಡಿದವರಿಗೆ, ಒಪ್ಪಿಕೊಂಡದ್ದರ ಎರಡರಷ್ಟು ನಡೆದಿರುತ್ತದೆ ಎಂದು ಗೊತ್ತು. ಅವರು ದುಪ್ಪಟ್ಟು ಬರೆಯುತ್ತಾರೆ ಎಂಬುದು ಅಜ್ಜಿಗೂ ಗೊತ್ತು. ಅದಕ್ಕೇ ಒಂದು ಚಪಾತಿ ತುಪ್ಪ ಸವರಿ ಕೊಟ್ಟ ದಿನ ಮಾತ್ರ ಅವರು ಕಾಲು ಎನ್ನುವುದು.