ಸಿಗಾರಿನ ಗೋತ್ರ

ದುಬೈಯಿಂದ ರಜೆಗೆ ಬಂದ ಅಳಿಯ ಊಟವಾದ ಮೇಲೆ ಜಗಲಿಯಲ್ಲಿ ಕೂತು, ಬೆರಳಿಗಿಂತ ದಪ್ಪದ ಸಿಗಾರೊಂದನ್ನು ತೆಗೆದ. "ಇದು ಸೇದುವುದಲ್ಲ ಮಾವ, ಆಸ್ವಾದಿಸುವುದು" ಅಂದ. ನಮ್ಮೂರು ಪೆರಾಬೆಯಲ್ಲಿ ಹೊಗೆಸೊಪ್ಪನ್ನು ತಿನ್ನುವುದುಂಟು, ಅಂಗಳದ ಬದಿಗೆ ಉಗಿಯುವುದುಂಟು. ಆಸ್ವಾದಿಸಿದವರನ್ನು ನಾನು ಕಂಡದ್ದಿಲ್ಲ.

ಸಿಗಾರಿನ ಗೋತ್ರ ಪ್ರವರ ಶುರುವಾಯಿತು. ಮೇಲಿನ ಹೊದಿಕೆಯ ಎಲೆ ಈಕ್ವಡಾರಿನದು, ಅದರ ಒಳಗೆ ಕಟ್ಟುವ ಎಲೆ ನಿಕರಾಗುವಾದ ಜಲಾಪದ್ದು, ಹೂರಣ ಅದೇ ದೇಶದ ಎಸ್ತೆಲಿಯ ಜ್ವಾಲಾಮುಖಿ ಮಣ್ಣಿನದು. ಕೊಯ್ದ ಎಲೆಯನ್ನು ಒಣಗಿಸಿ, ರಾಶಿ ಹಾಕಿ, ಒಳಗೊಳಗೇ ಕಾವೇರಿದಾಗ ಮಗುಚಿ, ಮತ್ತೆ ವರ್ಷಗಟ್ಟಲೆ ಹಳತು ಮಾಡುತ್ತಾರಂತೆ. ಅಡಿಕೆಯನ್ನು ಡಬ್ಬಲ್ ಚೋಲ್ ಆಗುವವರೆಗೆ ಅಟ್ಟದಲ್ಲಿಟ್ಟು ದರ ಕಾಯುವ ನನಗೆ ಇದೊಂದು ಮಾತ್ರ ಸಲೀಸಾಗಿ ಅರ್ಥವಾಯಿತು.

ಮೊದಲಿಗೆ ದೇವದಾರು ಮರದ ರುಚಿ, ನಡುವಲ್ಲಿ ಚರ್ಮದ್ದು, ಕೊನೆಗೆ ಒದ್ದೆ ಮಣ್ಣಿನದು ಎಂದ. ಚರ್ಮದ ರುಚಿ ಗುಣವೋ ದೋಷವೋ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಒದ್ದೆ ಮಣ್ಣಂತೂ ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧರ್ಮಕ್ಕೆ ಸಿಗುತ್ತದೆ. ಸಿಗಾರನ್ನು ಶೇಕಡಾ 70ರ ಆಸುಪಾಸಿನ ತೇವದಲ್ಲಿ ಇಡಬೇಕಂತೆ, ಅದಕ್ಕೆ ಅವನ ಬಳಿ ಮರದ ಪೆಟ್ಟಿಗೆ. ಆಟಿ ತಿಂಗಳ ನಮ್ಮ ಮನೆಯಲ್ಲಿ ಹಪ್ಪಳಕ್ಕೂ ಬೆಂಕಿಪೆಟ್ಟಿಗೆಗೂ ಅದಕ್ಕಿಂತ ಹೆಚ್ಚು ತೇವ ಪುಕ್ಕಟೆ. ಹಾಗಾಗಿಯೇ ಕಡ್ಡಿ ಎಷ್ಟು ಗೀರಿದರೂ ಹೊತ್ತಲಿಲ್ಲ.

ನಮ್ಮ ಅಜ್ಜನಿಗೂ ಎಲೆಯಡಿಕೆಗೆ ಕಾಸರಗೋಡಿನ ಪಳ್ಳಿಕೆರೆ ಕಡೆಯ ಹೊಗೆಸೊಪ್ಪೇ ಆಗಬೇಕಿತ್ತು. ಬೇರೆ ಸೊಪ್ಪು ತಂದರೆ ಮೂಸಿ ನೋಡಿ ಬಟ್ಟಲು ಆಚೆ ತಳ್ಳುತ್ತಿದ್ದರು. ಆ ಸೊಪ್ಪಿನ ಗೋತ್ರವೂ ಬೇರೆಯಲ್ಲ: ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗು.

ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಬೀಡಿ ಬ್ರಾಂಚಿಗೆ ಹೋಗುವ ದಾರಿಯಲ್ಲಿ ಜಗಲಿ ಹತ್ತಿದರು. ಕೈಚೀಲದಲ್ಲಿ ಕಟ್ಟಿ ಮುಗಿಸಿದ ಬೀಡಿ. ಮಧ್ಯಪ್ರದೇಶ, ಛತ್ತೀಸಗಡದ ಕಾಡಿನ ಎಲೆ, ನಿಪ್ಪಾಣಿ ಕಡೆಯ ಹೊಗೆಸೊಪ್ಪು ಬಂದು ಸೇರುವುದು ಇಂಥವರ ತಡ್ಪೆಗೆ, ಅಂದರೆ ಮೊರಕ್ಕೆ. ಎಲೆ ನೆನೆಸಿ, ತಗಡಿನ ಅಳತೆಯಿಟ್ಟು ಕತ್ತರಿಸಿ, ಚಿಟಿಕೆ ಸೊಪ್ಪು ಹರವಿ, ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಬಿಗಿದು ಬೀಡಿಯೊಂದು ಕೆಳಗೆ ಬೀಳುವ ಹೊತ್ತಿಗೆ ಅವರ ಕಣ್ಣು ಟಿವಿ ಧಾರಾವಾಹಿಯಲ್ಲೇ ಇರುತ್ತದೆ. ಕ್ಯೂಬಾದ ಸಿಗಾರು ಕಾರ್ಖಾನೆಗಳಲ್ಲಾದರೋ ಕೆಲಸಗಾರರಿಗೆ ಪತ್ರಿಕೆ, ಕಾದಂಬರಿ ಓದಿ ಹೇಳಲಿಕ್ಕೆಂದೇ ಒಬ್ಬರಿರುವ ಪದ್ಧತಿ 1865ರಿಂದ ಉಂಟು. ಅಲ್ಲಿಯ ಮಾಂಟೆಕ್ರಿಸ್ಟೋ ಸಿಗಾರಿಗೆ ಹೆಸರು ಬಂದದ್ದು ಡ್ಯೂಮಾನ ಕಾದಂಬರಿಯಿಂದ. ನಮ್ಮ ಬೀಡಿಗಳಿಗೆ ಯಾಕೋ ಯಾವ ಧಾರಾವಾಹಿಯ ಹೆಸರೂ ಬಂದಿಲ್ಲ.

ಅಕ್ಕ ಸಿಗಾರನ್ನು ಕೈಗೆ ತೆಗೆದುಕೊಂಡರು. ಮೂಸಲಿಲ್ಲ. ಹೆಬ್ಬೆರಳಲ್ಲಿ ಬುಡದಿಂದ ತುದಿವರೆಗೆ ಒತ್ತುತ್ತಾ ಹೋಗಿ ನಡುವಲ್ಲಿ ನಿಂತರು.

"ಎಲೆ ಒಳ್ಳೇದುಂಟು, ನರ ದಪ್ಪ ಇಲ್ಲ. ನೂಲು ಎಲ್ಲಿ?"

"ನೂಲಿಲ್ಲ ಅಕ್ಕ, ಗೋಂದು ಹಚ್ಚಿ ಮುಚ್ಚುತ್ತಾರೆ."

"ಹಾಗೆ ಹೇಳಿ. ಇಗೊಳ್ಳಿ, ಇಲ್ಲಿ ಸೊಪ್ಪು ಕಡಿಮೆ ಬಿದ್ದಿದೆ, ಮೆತ್ತಗುಂಟು. ನಮ್ಮ ಬ್ರಾಂಚಲ್ಲಿ ಇದು ಪಾಸಾಗ್ಲಿಕ್ಕಿಲ್ಲ."

ಅಳಿಯ ಇಸಕೊಂಡು ತಾನೂ ಒತ್ತಿ ನೋಡಿದ. ಮೆತ್ತಗೇ ಇತ್ತು.

"ದಿನಕ್ಕೆ ಒಬ್ಬರು ಎಷ್ಟು ಕಟ್ತಾರೆ ಅಲ್ಲಿ?"

"ಕೈ ಪಳಗಿದವರು ನೂರರ ಹತ್ತಿರ."

"ನೂರಾ?" ಅಕ್ಕನಿಗೆ ನಗು ತಡೆಯಲಿಲ್ಲ. ಬೀಡಿಯ ಮಜೂರಿಯ ಲೆಕ್ಕ ಶುರುವಾಗುವುದೇ ಸಾವಿರದಿಂದ.

ಸರಕಾರದ ಕಣ್ಣಿಗೆ ಮಾತ್ರ ಬೀಡಿಯವರೂ ಸಿಗಾರಿನವರೂ ಒಂದೇ ಮನೆಯವರಾಗಿದ್ದರು. 1966ರಲ್ಲಿ ಬಂದ ಕಾಯ್ದೆಯ ಹೆಸರೇ ಬೀಡಿ ಮತ್ತು ಸಿಗಾರ್ ಕಾರ್ಮಿಕರದ್ದಾಗಿತ್ತು. ಅದರಲ್ಲಿ ಮೊದಲ ಮಣೆ ಬೀಡಿಗೇ. ನಾನು ಇದನ್ನು ವಿವರಿಸಹೊರಟರೆ ಅಕ್ಕ ತಡೆದು, ಅಳಿಯನ ಕಡೆ ತಿರುಗಿ ನೇರ ವಿಷಯಕ್ಕೆ ಬಂದರು.

"ಅಲ್ಲಿ ನೂರಕ್ಕೆ ಮಜೂರಿ ಎಷ್ಟಂತೆ? ಪಿಎಫ್ ಉಂಟಾ?"

ಜಲಾಪದ ಮಣ್ಣಿನ ಗುಣವನ್ನೆಲ್ಲ ಬಲ್ಲ ಅಳಿಯ ಫೋನು ತೆಗೆದು, ರೇಂಜ್ ಹುಡುಕುತ್ತಾ ಅಂಗಳದ ತುದಿಯ ಬಾಳೆಬುಡದವರೆಗೂ ಹೋದ. "ಸಿಕ್ಕಿದರೆ ಸಂಜೆ ಹೇಳಿ ಆಯ್ತಾ, ಬ್ರಾಂಚ್ ಬಾಗಿಲು ಹಾಕ್ತಾರೆ" ಎಂದು ಅಕ್ಕ ಕೊಡೆ ಬಿಡಿಸಿದರು.