ಮಾರಿಯೋನ ಮರುಜನ್ಮ, ಮಾಮಾನ ಮಾನಹರಣ

2023ರಲ್ಲಿ ನಿಂಟೆಂಡೊ ‘ಸೂಪರ್ ಮಾರಿಯೋ ಬ್ರದರ್ಸ್ ವಂಡರ್’ ತಂದು, 1985ರ ಆ ಓಡುವ-ಜಿಗಿಯುವ ಆಟಕ್ಕೆ ಹೊಸ ಜೀವ ಕೊಟ್ಟಿತು. ನಮ್ಮೂರು ಚಿದ್ರಿಯಲ್ಲಿ ಅದರಿಂದ ಜೀವ ಹೋದದ್ದು ನನ್ನದು.

ಸೋದರಳಿಯನ ಮುಂದೆ ‘ನಾ ಇದರಾಗ ಉಸ್ತಾದ್ ಇದ್ದೆ’ ಎಂದು ಕೊಚ್ಚಿಕೊಂಡಿದ್ದೆ. ಸುಳ್ಳೇನಲ್ಲ. ಟಿವಿಗೆ ಸಿಕ್ಕಿಸುವ ನಕಲಿ ಡಬ್ಬಿ, ‘9999 ಆಟ’ ಎಂದು ಬರೆದ ಕ್ಯಾಸೆಟ್ಟು (ಒಳಗೆ ಬೆರಳೆಣಿಕೆಯ ಆಟಗಳೇ ಹೆಸರು ಬದಲಿಸಿಕೊಂಡು ಬರುತ್ತಿದ್ದವು), ಅದು ಓಡದಿದ್ದರೆ ಬಾಯಿಂದ ಊದುವ ವೈದ್ಯ. ಮೂಲ ಆಟದ 32 ಹಂತಗಳೂ ಸೇರಿ ಬರೀ 40 ಕಿಲೋಬೈಟು. ನಮ್ಮ ಅತ್ತಿಗೆ ದಿನಾ ಕಳಿಸುವ ಗುಡ್ ಮಾರ್ನಿಂಗ್ ಗುಲಾಬಿಯೇ ಅದಕ್ಕಿಂತ ದಪ್ಪ. ಮೋಡಕ್ಕೆ ಹಸಿರು ಬಳಿದು ಪೊದೆ ಮಾಡಿದ್ದರು. ಆ ಜಿಪುಣತನ ನನಗೆ ಈಗಲೂ ಇಷ್ಟ.

ಹೊಸದರಲ್ಲಿ ಮಾರಿಯೋ ಆನೆಯಾಗುತ್ತಾನೆ, ಪೈಪುಗಳು ಹುಳದಂತೆ ತೆವಳುತ್ತವೆ. ನಾನು ಗಾಬರಿಯಾಗಿ ಪೈಪಿಗೇ ದಾರಿ ಬಿಟ್ಟೆ. ಅಳಿಯ ಕರುಣೆಯಿಂದ ಯೋಶಿ ಎಂಬ ಪಾತ್ರವನ್ನು ಕೊಟ್ಟ. ಶತ್ರು ತಾಗಿದರೂ ಯೋಶಿಗೆ ಪೆಟ್ಟಾಗದು, ಆಟ ಬಾರದವರಿಗೆ ಹೇಳಿ ಮಾಡಿಸಿದ್ದು. ಆದರೆ ಗುಂಡಿಗೆ ಬಿದ್ದರೆ ಅವನಿಗೂ ಉಳಿಗಾಲವಿಲ್ಲ. ನಾನು ಗುಂಡಿಗಳನ್ನೇ ಹುಡುಕಿಕೊಂಡು ಹೋದೆ.

‘ಮ್ಯಾಲೆ ವಿಮಾನದ ಸಪ್ಪಳಕ್ಕ ಕೈ ಜಾರ್ತು ನೋಡು’ ಎಂದೆ.

‘ವಿಮಾನ ಹೋಗಿ ಭಾಳ ಹೊತ್ತಾಗ್ಯಾದ, ಮಾಮಾ’ ಎಂದ.