ಶಿಶುಪಾಲಕ ಶಿಫಾರಸು ಮೀಮಾಂಸೆ: ಕಾರವಾರ-ಅಂಕೋಲಾ ಪ್ರಾಂತ್ಯದ ಮಟ್ಟಿಗೆ

ಒಂದು ಮಗುವನ್ನು ಒಂದು ವರ್ಷ ಸಾಕಿದ ಪಾಲಕರು, ಆ ವರ್ಷವನ್ನಿನ್ನೂ ದಾಟದ ಪಾಲಕರಿಗೆ, ಅವರು ಕೇಳದಿದ್ದರೂ ಹೇಳುವ ಮಾತಿಗೆ ಶಿಫಾರಸು ಎಂದು ಹೆಸರು. ಈ ಲಕ್ಷಣವಾಕ್ಯದಲ್ಲಿ ‘ಕೇಳದಿದ್ದರೂ’ ಎಂಬ ಪದವೇ ಮುಖ್ಯ. ಅದನ್ನು ಕೈಬಿಟ್ಟರೆ ಲಕ್ಷಣವು ಮಕ್ಕಳ ಡಾಕ್ಟರರ ಸಲಹೆಗೂ ಹರಡಿಕೊಂಡು ಅತಿವ್ಯಾಪ್ತಿ ದೋಷ ಬರುತ್ತದೆ. ಡಾಕ್ಟರರು ಕೇಳಿದರೂ ಎರಡೇ ಮಾತು ಆಡುವವರು. ಅವರನ್ನು ಈ ಶಾಸ್ತ್ರದ ಹೊರಗಿಡಬೇಕಾಗುತ್ತದೆ.

ಶಿಫಾರಸಿಗೆ ಅಧಿಕಾರಿ ಯಾರು ಎಂಬಲ್ಲಿ ಎರಡು ತಾಲೂಕುಗಳಿಗೂ ಮತಭೇದವಿದೆ. ಕಾರವಾರದಲ್ಲಿ ಮಗುವಿನ ಮೊದಲ ಹುಟ್ಟುಹಬ್ಬದ ಕೇಕು ಕತ್ತರಿಸಿದ ಮರುದಿನವೇ ಅಧಿಕಾರ ಪ್ರಾಪ್ತವಾಗುತ್ತದೆ. ಅಂಕೋಲೆಯಲ್ಲಿ ಹಾಗಲ್ಲ, ಅಲ್ಲಿ ಕನಿಷ್ಠ ಒಂದು ಮೊಮ್ಮಗು ಬೇಕು, ಅದಕ್ಕೆ ಮುಂಚೆ ಬಾಯಿ ತೆರೆದರೆ ‘ನಿಂಗೇನು ಗೊತ್ತೇ ತಂಗಿ’ ಎಂಬ ಒಂದೇ ವಾಕ್ಯದಿಂದ ಖಂಡನೆಯಾಗುತ್ತದೆ. ಈ ಭೇದಕ್ಕೆ ಕಾರಣ ಭೂಗೋಳದಲ್ಲಿದೆ. ಜಿಲ್ಲಾ ಕಚೇರಿಗಳು, ಮೆಡಿಕಲ್ ಕಾಲೇಜು, 2005ರಲ್ಲಿ ಕಾರ್ಯಾರಂಭಿಸಿದ ಕದಂಬ ನೌಕಾನೆಲೆ, ಕಾಳಿನದಿಯ ಮೇಲ್ದಂಡೆಯ ಕೈಗಾ ಅಣುಸ್ಥಾವರ, ಇವೆಲ್ಲ ಸೇರಿ ಕಾರವಾರಕ್ಕೆ ಅಜ್ಜಿಯಿಲ್ಲದ ಕುಟುಂಬಗಳನ್ನು ಧಾರಾಳವಾಗಿ ಒದಗಿಸಿವೆ. ಕ್ವಾರ್ಟರ್ಸಿನ ಒಂದೇ ಮಹಡಿಯಲ್ಲಿ ಪಂಜಾಬಿನ ಘುಟ್ಟಿ, ಕೇರಳದ ಎಣ್ಣೆ, ವಿಜಯಪುರದ ಕುಂಚಿಗೆ ಮೂರೂ ಒಂದೇ ಮಗುವಿನ ಮೇಲೆ ಪ್ರಯೋಗವಾಗುವುದುಂಟು. ಮೂವತ್ತೈದು ಕಿಲೋಮೀಟರು ದಕ್ಷಿಣಕ್ಕೆ ಬಂದರೆ ಅಜ್ಜಿ ಇನ್ನೂ ಅಧಿಕಾರದಲ್ಲಿದ್ದಾಳೆ.

ಇನ್ನು ಪ್ರಮಾಣವಿಚಾರ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪಿದರು. ಹೊಗೆಯಿದ್ದಲ್ಲಿ ಬೆಂಕಿಯಿದೆ ಎನ್ನಬೇಕಾದರೆ ಹಲವು ಅಡುಗೆಮನೆಗಳಲ್ಲಿ ಮತ್ತೆ ಮತ್ತೆ ನೋಡಿರಬೇಕೆಂದು ಅವರ ಪಟ್ಟು. ಶಿಫಾರಸುದಾರರಿಗೆ ಒಂದೇ ಅಡುಗೆಮನೆ ಸಾಕು, ಅದೂ ಸ್ವಂತದ್ದು. ‘ಆ ಎಣ್ಣೆ ಹಚ್ಚಿದ ಮೇಲೇ ನಮ್ಮ ಪೋರ ರಾತ್ರಿ ಮಲಗಲು ಕಲಿತದ್ದು’ ಎಂಬಲ್ಲಿ ಎಣ್ಣೆ ಹೇತು, ನಿದ್ರೆ ಸಾಧ್ಯ. ಅದೇ ಹೊತ್ತಿಗೆ ಪೋರನಿಗೆ ನಾಲ್ಕು ತಿಂಗಳು ತುಂಬಿತ್ತು, ಆ ವಯಸ್ಸಿನಲ್ಲಿ ಎಣ್ಣೆಯಿಲ್ಲದೆಯೂ ಎಷ್ಟೋ ಮಕ್ಕಳ ರಾತ್ರಿಯ ನಿದ್ದೆ ಉದ್ದವಾಗುತ್ತದೆ ಎಂಬ ಆಕ್ಷೇಪವನ್ನು ಪೂರ್ವಪಕ್ಷವೆಂದು ಕೂಡ ದಾಖಲಿಸುವ ರೂಢಿಯಿಲ್ಲ.

ಸಿದ್ಧಾಂತ ಇಷ್ಟೇ: ಶಿಫಾರಸಿನ ಬಲ ವಸ್ತುವಿನ ಗುಣಕ್ಕೆ ಅನುಗುಣವಾಗಿರದೆ ಅದರ ಬೆಲೆಗೆ ಅನುಗುಣವಾಗಿರುತ್ತದೆ. ಕೊಟ್ಟ ದುಡ್ಡು ದಂಡವಾಯಿತೆಂದು ಒಪ್ಪಿಕೊಳ್ಳುವುದಕ್ಕಿಂತ ಇನ್ನೊಬ್ಬರಿಂದಲೂ ಅದನ್ನೇ ಕೊಳ್ಳಿಸುವುದು ಸುಲಭ. ಇಬ್ಬರು ಕೊಂಡ ಮೇಲೆ ಅದು ದಂಡವಲ್ಲ, ಪದ್ಧತಿ. ದುಡ್ಡಿಲ್ಲದೆ ಸಿಕ್ಕ ವಸ್ತುವನ್ನು ಯಾರೂ ಶಿಫಾರಸು ಮಾಡದಿರುವುದೂ ಈ ಸಿದ್ಧಾಂತಕ್ಕೆ ಪೋಷಕವಾಗಿದೆ.

ಉದಾಹರಣೆಗೆ ಸ್ನಾನದ ಸಲಕರಣೆ. ಈ ಕರಾವಳಿಯಲ್ಲಿ ತಲೆತಲಾಂತರದಿಂದ ಬಳಕೆಯಲ್ಲಿರುವ ಶಿಶುಸ್ನಾನದ ತೊಟ್ಟಿ ಅಜ್ಜಿಯ ಕಾಲುಗಳು. ಅಜ್ಜಿ, ಅವಳಿಲ್ಲದಿದ್ದರೆ ಆ ಕೆಲಸಕ್ಕೆಂದೇ ಬರುವ ಹೆಂಗಸು, ಬಚ್ಚಲಿನಲ್ಲಿ ಮಣೆಯ ಮೇಲೆ ಕೂತು ಕಾಲೆರಡನ್ನೂ ನೀಡಿ, ನಡುವಿನ ತಗ್ಗಿನಲ್ಲಿ ಮಗುವನ್ನು ಮೊದಲು ಬೋರಲು ಆಮೇಲೆ ಅಂಗಾತ ಮಲಗಿಸಿ ತಂಬಿಗೆಯಿಂದ ನೀರು ಹೊಯ್ಯುತ್ತಾಳೆ. ಮಗುವಿನ ಉದ್ದಕ್ಕೆ ತಕ್ಕಂತೆ ಅಗಲ ಹೊಂದಿಸಿಕೊಳ್ಳುವ ಸೌಲಭ್ಯ ಇದರಲ್ಲಿದೆ. ನೀರು ಮೊದಲು ಸಲಕರಣೆಗೇ ತಾಗುವುದರಿಂದ ಬಿಸಿ ಹೆಚ್ಚಾದರೆ ಅದು ತಾನೇ ಕೂಗಿ ಎಚ್ಚರಿಸುತ್ತದೆ. ಎಣ್ಣೆ ಹಚ್ಚಿದ ಮಗು ಜಾರಿದರೂ ಜಾರುವುದು ಸೀರೆಯ ನೆರಿಗೆಗೇ. ನಿರ್ವಹಣೆಗೆ ಎಲೆ-ಅಡಿಕೆ ಸಾಕು. ಕೊರತೆಗಳೆಂದರೆ ಮಂಡಿನೋವು ಮತ್ತು ವಿಮರ್ಶೆ: ಸ್ನಾನ ನಡೆಯುವಷ್ಟು ಹೊತ್ತೂ ಸೊಸೆಯ ಕುರಿತ ಟಿಪ್ಪಣಿಗಳು ಧಾರಾವಾಹಿಯಾಗಿ ಬರುತ್ತವೆ, ಅದನ್ನು ನಿಲ್ಲಿಸುವ ಗುಂಡಿ ಇಲ್ಲ. ಇದರ ಬದಲಿಗೆ ಶಿಫಾರಸಾಗುವ ಪ್ಲಾಸ್ಟಿಕ್ ಟಬ್ಬಿಗೆ ಬಾತುಕೋಳಿ ಆಕಾರದ ಉಷ್ಣಮಾಪಕ ಜೊತೆಗೆ ಬರುತ್ತದೆ. ಬಾತುಕೋಳಿ ವಾರದೊಳಗೆ ಕಳೆದುಹೋಗುತ್ತದೆ. ಟಬ್ಬು ಕೆಲವು ತಿಂಗಳ ಮೇಲೆ ಹಿತ್ತಲಿಗೆ ಹೋಗಿ, ಬಂಗಡೆ ಅಗ್ಗವಾದ ದಿನ ಮೀನು ತೊಳೆಯಲು ನೆರವಾಗುತ್ತದೆ. ಕಾರವಾರದಲ್ಲಿ ಈ ಎರಡನೆಯ ಉಪಯೋಗಕ್ಕಾಗಿಯೇ ಅದನ್ನು ಕೊಳ್ಳಬಹುದೆಂಬ ಪಕ್ಷವೂ ಇದೆ, ಅದು ನಿರಾಧಾರವಲ್ಲ.

ಬಟ್ಟೆಯ ವಿಷಯದಲ್ಲಿ ಶಾಸ್ತ್ರವನ್ನು ಬರೆಯುವುದು ಮಳೆ. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೇಸಿಗೆಯಲ್ಲಿ ಹುಟ್ಟಿದ ಮಗುವಿಗೆ ಹಳೆಯ ಹತ್ತಿ ಸೀರೆಯ ತುಂಡಿಗಿಂತ ಉತ್ತಮವಾದದ್ದಿಲ್ಲ; ಅದು ಬೆಳಿಗ್ಗೆ ಒಗೆದರೆ ಮಧ್ಯಾಹ್ನಕ್ಕೆ ಗರಿಗರಿ. ಆಷಾಢದಲ್ಲಿ ಹುಟ್ಟಿದ ಮಗುವಿನ ಬಟ್ಟೆ ಮಾತ್ರ ಮಗು ದೊಡ್ಡದಾದರೂ ಒಣಗುವುದಿಲ್ಲ. ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಅದರ ಮೇಲೆ ಹರವಿ ಒಣಗಿಸುವ ಹಿಂದಿನ ಕ್ರಮ ಫಲಕಾರಿಯೇ, ಆದರೆ ಗ್ಯಾಸಿನ ಒಲೆಯ ಮನೆಯಲ್ಲಿ ಕೆಂಡ ಎಲ್ಲಿಂದ ತರುವುದು? ಹೀಗಾಗಿ ಡಯಾಪರ್ ಎಂಬುದು ಮಳೆಗಾಲದ ಮಟ್ಟಿಗೆ ಶಿಫಾರಸಿಲ್ಲದೆಯೂ ಒಪ್ಪತಕ್ಕ ಏಕೈಕ ವಸ್ತು. ಶಾಸ್ತ್ರಕಾರರಿಗೆ ಇದರಿಂದ ಸ್ವಲ್ಪ ಮುಜುಗರವಾಗಿದೆ. ಸಮಾಧಾನವೆಂದರೆ, ನೆಂಟರು ಇದರಲ್ಲೂ ತಪ್ಪುವುದಿಲ್ಲ: ನವಜಾತ ಅಳತೆಯ ದೊಡ್ಡ ಕಟ್ಟನ್ನೇ ತರುತ್ತಾರೆ, ಮಗು ತಿಂಗಳೆರಡರಲ್ಲಿ ಅದನ್ನು ಮೀರುತ್ತದೆ, ಉಳಿದ ಅರ್ಧ ಕಟ್ಟು ಮುಂದಿನ ಬಸುರಿಯ ಮನೆಗೆ ಶಿಫಾರಸಿನ ಸಮೇತ ರವಾನೆಯಾಗುತ್ತದೆ.

ಆಹಾರದ ಅಧ್ಯಾಯದಲ್ಲಿ ಕಾನೂನು ಪ್ರವೇಶಿಸುತ್ತದೆ. ಹಾಲಿನ ಪುಡಿ, ಬಾಟಲಿ, ಶಿಶು ಆಹಾರಗಳ ಜಾಹೀರಾತನ್ನು 1992ರ ಕೇಂದ್ರ ಕಾಯ್ದೆ ನಿಷೇಧಿಸಿದೆ. 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ಕಾಯ್ದೆ ಕಂಪನಿಗಳ ಬಾಯಿ ಮುಚ್ಚಿಸಿತು. ದೊಡ್ಡಮ್ಮಂದಿರ ಬಾಯಿಗೆ ಅದು ಅನ್ವಯಿಸುವುದಿಲ್ಲ. ಮೊದಲ ಆರು ತಿಂಗಳು ಎದೆಹಾಲಲ್ಲದೆ ನೀರನ್ನೂ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವರ್ಷ ತುಂಬುವವರೆಗೆ ಜೇನು ಕೂಡದೆಂದು ಮಕ್ಕಳ ಡಾಕ್ಟರರು ಹೇಳುತ್ತಾರೆ, ಅದರಲ್ಲಿ ಇರಬಹುದಾದ ಬೊಟುಲಿಸಮ್ ಜೀವಾಣು ಎಳೆಯ ಕರುಳಿಗೆ ಅಪಾಯಕಾರಿ. ಇವೆರಡರ ನಡುವೆಯೂ ಗ್ರೈಪ್ ವಾಟರ್, ಸಾಣೆಕಲ್ಲಿನ ಮೇಲೆ ತೇಯ್ದ ಬಜೆಯ ಬೇರು, ಜಾಯಿಕಾಯಿ, ಬೆರಳತುದಿಯ ಜೇನು ತಮ್ಮ ಸರದಿಗಾಗಿ ಬಾಗಿಲ ಹೊರಗೆ ಕಾದೇ ಇರುತ್ತವೆ. ಆರು ತಿಂಗಳ ನಂತರದ ರಾಗಿ ಮಣ್ಣಿಯ ವಿಷಯದಲ್ಲಿ ಮಾತ್ರ ಡಾಕ್ಟರರೂ ಅಜ್ಜಿಯರೂ ಒಂದೇ ಮಾತಿನವರು. ಅಂಥದ್ದು ಈ ಶಾಸ್ತ್ರದಲ್ಲಿ ಅಪರೂಪ.

ಮಗುವನ್ನು ಚಕ್ರದ ಚೌಕಟ್ಟಿನಲ್ಲಿ ನಿಲ್ಲಿಸುವ ವಾಕರ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅದು ನಡೆಯುವುದನ್ನು ಕಲಿಸುವುದಿಲ್ಲ, ಮೆಟ್ಟಿಲಿನಿಂದ ಉರುಳುವುದನ್ನು ಕಲಿಸುತ್ತದೆ. ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಹೊಸ್ತಿಲು, ಜಗುಲಿ, ಮೂರು ಮೆಟ್ಟಿಲು ಇರುವ ಅಂಕೋಲೆಯ ಮನೆಗೆ ಅದನ್ನು ಶಿಫಾರಸು ಮಾಡುವವರು ಆ ಮನೆಯನ್ನು ನೋಡಿರುವುದಿಲ್ಲ. ತಳ್ಳುಗಾಡಿಯ ದೋಷ ಬೇರೆ ಬಗೆಯದು. ಕಾರವಾರದ ಕಡಲತೀರದಲ್ಲಿ ಅದು ಹತ್ತು ಹೆಜ್ಜೆಗೆ ಮರಳಲ್ಲಿ ಹೂತು, ಮಗುವನ್ನು ತಾಯಿಯೂ ಗಾಡಿಯನ್ನು ತಂದೆಯೂ ಹೊತ್ತು ನಡೆಯುವ ಸಂಚಾರಕ್ಕೆ ವಾಯುವಿಹಾರವೆನ್ನುತ್ತಾರೆ.

ಉಡುಗೊರೆಗಳಲ್ಲಿ ಜಂಗಮ, ಸ್ಥಾವರ ಎಂದು ಎರಡು ಬಗೆ. ಹನ್ನೆರಡನೆಯ ದಿನದ ಬಾರಸೆಗೆ, ಅಂದರೆ ನಾಮಕರಣಕ್ಕೆ, ಬರುವ ಫ್ರಾಕು, ಸೋಪು-ಪೌಡರಿನ ಪೆಟ್ಟಿಗೆ, ಒತ್ತಿದರೆ ಇಂಗ್ಲಿಷಿನಲ್ಲಿ ಹಾಡುವ ಕರಡಿ ಇವು ಜಂಗಮ: ಪೊಟ್ಟಣ ಬಿಚ್ಚದಿದ್ದರೆ ಮುಂದಿನ ಬಾರಸೆಗೆ ಹೋಗಬಲ್ಲವು. ಸದಾಶಿವಗಡದಲ್ಲಿ ಕೊಟ್ಟ ಕರಡಿ ಮಾಜಾಳಿ, ಬಿಣಗಾ, ಅವರ್ಸಾ ಸುತ್ತಿ ಕೊಟ್ಟವರ ಮನೆಗೇ ಮರಳಿದರೆ ಅದನ್ನು ನೋಡಿ ಗುರುತಿಸದಂತೆ ಇರುವುದು ಸಭ್ಯತೆ. ಹೆಸರು ಕೆತ್ತಿಸಿದ ಸ್ಟೀಲ್ ಬಟ್ಟಲು ಸ್ಥಾವರ. ಬೇರೆಯವರಿಗೆ ದಾಟಿಸಲು ಬರುವುದಿಲ್ಲವಾದ್ದರಿಂದ ಅದರಷ್ಟು ಪ್ರಾಮಾಣಿಕ ಉಡುಗೊರೆ ಇನ್ನೊಂದಿಲ್ಲ. ಬೆಳ್ಳಿಯ ಕಾಲ್ಗೆಜ್ಜೆ, ಉಡಿದಾರಗಳು ನಡುವಿನವು. ಅವು ಕಪಾಟಿನಲ್ಲಿ ಸ್ಥಾವರವಾಗಿದ್ದು ಕಷ್ಟಕಾಲದಲ್ಲಿ ಜಂಗಮವಾಗುತ್ತವೆ.

ಇವೆಲ್ಲವನ್ನು ಮೀರಿದ ಎರಡು ಉಡುಗೊರೆಗಳು ಈ ಜಿಲ್ಲೆಯಲ್ಲೇ ಇವೆ, ಶಿಫಾರಸುದಾರರ ಪಟ್ಟಿಯಲ್ಲಿ ಮಾತ್ರ ಕಾಣುವುದಿಲ್ಲ. ಒಂದು, ಸಿದ್ದಿ ಹೆಂಗಸರು ಹೊಲಿಯುವ ಕವದಿ. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳಲ್ಲಿ, ಅಂಕೋಲೆಯ ಘಟ್ಟದ ಮೇಲೂ ಇರುವ ಈ ಜನ ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಒಳಮುಖವಾಗಿ ಜೋಡಿಸುತ್ತ ಕೈಯಲ್ಲೇ ಹೊಲಿಯುತ್ತಾರೆ. ಮೂಲೆಗಳಿಗೆ ಮಡಚಿದ ತ್ರಿಕೋನದ ‘ಫೂಲ’ ಕೂಡಿಸದೆ ಕೆಲಸ ಮುಗಿಯಿತೆನ್ನುವುದಿಲ್ಲ. ಮಕ್ಕಳ ಕವದಿಗೆ ಬಣ್ಣದ ಚಿಕ್ಕ ಚಿಕ್ಕ ಚೌಕಗಳು ಹೆಚ್ಚು. ಇಂಥ ಕವದಿಗಳು ಅಮೆರಿಕದ ಪ್ರದರ್ಶನಗಳಿಗೂ ಹೋಗಿಬಂದಿವೆ. ಇನ್ನೊಂದು, 2023ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಅಂಕೋಲೆಯ ಕರಿ ಈಶಾಡ ಮಾವು. ಮೇ ತಿಂಗಳಲ್ಲಿ ಬಾಣಂತಿಯನ್ನು ನೋಡಲು ಬರುವವರು ಒಂದು ಡಜನ್ ತಂದರೆ ಮಗುವಿಗೆ ಏನೂ ಪ್ರಯೋಜನವಿಲ್ಲ, ಮನೆಮಂದಿಗೆಲ್ಲ ಇದೆ. ಹಣ್ಣು ಹೆಚ್ಚು ದಿನ ತಾಳದ ಕಾರಣ ಇದು ಮುಂದಿನ ಬಾರಸೆಗೂ ಹೋಗಲಾರದು.

ಆಟಿಗೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಮುದ್ರೆ ಕಡ್ಡಾಯ. ಹಾಲೆಮರಕ್ಕೆ ಅರಗಿನ ಬಣ್ಣವಿಟ್ಟ ಚನ್ನಪಟ್ಟಣದ ಗಿಲಕಿ ಕಚ್ಚಲು ಯೋಗ್ಯವೆಂಬುದು ನಿಜ. ಆದರೆ ಕಾರವಾರಕ್ಕೆ ಗೋವಾದಾಚೆಯ ಸಾವಂತವಾಡಿಯ ಮರದ ಹಣ್ಣುಗಳು ಹತ್ತಿರ. ಎರಡನ್ನೂ ಮುಂದಿಟ್ಟಾಗ ಮಗು ತೆಂಗಿನ ಗರಟೆಯನ್ನು ಆಯ್ದುಕೊಳ್ಳುವುದನ್ನು ಶಾಸ್ತ್ರವು ಗಣನೆಗೆ ತೆಗೆದುಕೊಂಡಿಲ್ಲ.

ಕೊನೆಯದಾಗಿ ವಿರಾಮದ ಓದು. ವಿರಾಮವೆಂದರೆ ಮಗು ಕಣ್ಣುಮುಚ್ಚಿದಲ್ಲಿಂದ ಕುಕ್ಕರು ಸೀಟಿ ಹೊಡೆಯುವವರೆಗಿನ ಕಾಲ. ‘ಹಾಲುಣಿಸುತ್ತ ಓದಬಹುದು’ ಎಂದು ಶಿಫಾರಸು ಮಾಡುವವರಲ್ಲಿ ತಂದೆಯರ ಸಂಖ್ಯೆ ಹೆಚ್ಚು. ಗಂಗಾವಳಿ ದಾಟಿದರೆ ಸಿಗುವ ಹನೇಹಳ್ಳಿಯವರಾದ ಯಶವಂತ ಚಿತ್ತಾಲರ ‘ಶಿಕಾರಿ’ (1979) ಈ ಪಟ್ಟಿಯಲ್ಲಿ ಸದಾ ಇರುತ್ತದೆ. ಬಾಣಂತನದಲ್ಲಿ ಅದನ್ನು ಹಿಡಿದವರು, ಕಥಾನಾಯಕ ನಾಗಪ್ಪನ ಸುತ್ತ ಸಂಚು ಹೆಣೆದುಕೊಳ್ಳುವ ಹೊತ್ತಿಗೆ ಮಗು ಎದ್ದು, ಮರುದಿನ ಮತ್ತೆ ಮೊದಲ ಪುಟದಿಂದಲೇ ಹೊರಡುತ್ತಾರೆ. ಗೋಕರ್ಣದ ಜಯಂತ ಕಾಯ್ಕಿಣಿಯವರ ‘ಅಮೃತಬಳ್ಳಿ ಕಷಾಯ’ವನ್ನು ಹಿರಿಯರೂ ಆಕ್ಷೇಪಿಸದೆ ಕೈಗೆ ಕೊಡುತ್ತಾರೆ, ಒಳಗಿರುವುದು ಕಥೆಗಳೆಂದು ತಿಳಿಯುವವರೆಗೆ.

ರವೀಂದ್ರನಾಥ ಠಾಕೂರರು 1883ರಲ್ಲಿ, ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ತಂಗಿದ್ದಾಗ ಬರೆದ ‘ಪ್ರಕೃತಿರ್ ಪ್ರತಿಶೋಧ’ ನಾಟಕ ಈ ಶಾಸ್ತ್ರಕ್ಕೆ ನೇರ ಸಂಬಂಧಿಸಿದ್ದು: ಲೋಕವನ್ನೇ ಗೆದ್ದೆನೆಂದುಕೊಂಡ ಸಂನ್ಯಾಸಿಯ ವೈರಾಗ್ಯವನ್ನು ಅನಾಥ ಹುಡುಗಿಯೊಬ್ಬಳು ಮುರಿಯುತ್ತಾಳೆ. ಕವಿಗೆ ಆಗ ಇಪ್ಪತ್ತೆರಡು. ಮದುವೆಯಾದದ್ದು ಇಲ್ಲಿಂದ ಹೋದ ಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ. ಮೊದಲ ಮಗಳು ಹುಟ್ಟಿದ್ದು 1886ರಲ್ಲಿ. ಮಗುವಿನ ಮಹಿಮೆಯನ್ನು ಮಗು ಹುಟ್ಟುವ ಮೊದಲೇ ಬರೆದು ಮುಗಿಸಿದ್ದರಲ್ಲಿ ದೂರದೃಷ್ಟಿ ಇದೆ.

ವಿರಾಮದ ಅಳತೆಗೆ ಸರಿಯಾಗಿ ಕೂರುವ ಪ್ರಕಾರ ಒಂದೇ, ಚುಟುಕ. ಅಂಕೋಲಾ ತಾಲೂಕಿನ ದಿನಕರ ದೇಸಾಯಿಯವರು (1909-1982) ಕಾರ್ಮಿಕ ಸಂಘ, 1953ರಲ್ಲಿ ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳು, 1967ರ ನಂತರ ಲೋಕಸಭೆ, ಇಷ್ಟರ ನಡುವೆ ಬರೆದದ್ದು ನಾಲ್ಕು ಸಾಲಿನಲ್ಲಿ. ಪುರುಸೊತ್ತಿಲ್ಲದವರು ಬರೆದದ್ದನ್ನು ಪುರುಸೊತ್ತಿಲ್ಲದವರು ಓದಿ ಮುಗಿಸಬಹುದು. ಎರಡು ಅಳುವಿನ ನಡುವೆ ಒಂದು ಚೌಪದಿ ಆರಾಮಾಗಿ ಹಿಡಿಸುತ್ತದೆ, ಮಗು ಸ್ವಲ್ಪ ತಡಮಾಡಿದರೆ ಎರಡು.

ಮಗುವಿನ ಸ್ವಂತ ಓದಿಗೂ ದೇಸಾಯಿಯವರೇ ಆದೀತು. ಗಡಿಯಾರದ ಮೇಲೆ ಅವರು ಬರೆದ ಪದ್ಯ ಕನ್ನಡ ಶಾಲೆಯ ಹಲವು ತಲೆಮಾರುಗಳಿಗೆ ಬಾಯಿಪಾಠ. ಅನುಪಮಾ ನಿರಂಜನರು ವರ್ಷದ ಪ್ರತಿ ದಿನಕ್ಕೆ ಒಂದರಂತೆ ಹನ್ನೆರಡು ಸಂಪುಟಗಳಲ್ಲಿ ಕೊಟ್ಟ ‘ದಿನಕ್ಕೊಂದು ಕಥೆ’ ಬಾರಸೆಗೆ ಕೊಡಲು ಯೋಗ್ಯ, ಮಗು ಅದನ್ನು ಓದುವುದು ಎಂಟು ವರ್ಷ ತಡವಾದರೂ ಕಥೆಗಳು ಹಳಸುವುದಿಲ್ಲ. ಅಲ್ಲಿಯವರೆಗೆ ಮಗು ಪುಸ್ತಕವನ್ನು ತಿನ್ನುತ್ತದೆ. ಆದ್ದರಿಂದ ಕೊಡುವವರು ಹನ್ನೆರಡು ಸಂಪುಟಗಳ ಜೊತೆಗೆ ಅಗಲದ ಅಂಟುಪಟ್ಟಿಯ ಸುರುಳಿಯೊಂದನ್ನೂ ಇಟ್ಟುಕೊಡಬೇಕು.